ಎರಡು ಸಾಲು ಸಾಕಿತ್ತು

"ದುಡ್ಡು ಎಲ್ಲರೂ ಕೊಡ್ತಾರೆ, ಚೀಟಿ ಬರೆಯೋರು ಕಮ್ಮಿ" ಎಂದು ಹೇಳಿದವಳು ಏಳನೇ ಸಲದಾಕೆ. ಆಕೆಯ ನಿಜವಾದ ಹೆಸರು ಟೀಚರಮ್ಮನಿಗೆ ಮೊದಲ ದಿನವೇ ಮರೆತುಹೋಗಿತ್ತು. ಆದರೆ ಇದು ತನ್ನ ಏಳನೆಯ ಹಡಗು ಪ್ರವಾಸ ಎನ್ನುವುದನ್ನು ಮಾತ್ರ ಆಕೆ ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. ಹಡಗಿನ ಊಟದ ಕೋಣೆಯಲ್ಲಿ ಇಬ್ಬರಿಗೂ ಒಂದೇ ಮೇಜು ಗೊತ್ತುಮಾಡಿದ್ದರು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಯಾರಿಗೆ ಎಷ್ಟು ಭಕ್ಷೀಸು, ಲಕೋಟೆಯಲ್ಲಿ ಕೊಡಬೇಕೋ ಅಂಗೈಗೆ ಒತ್ತಬೇಕೋ, ಮೊದಲ ದಿನವೇ ಕೈ ಬೆಚ್ಚಗೆ ಮಾಡಿದರೆ ಹತ್ತು ದಿನವೂ ಹೇಗೆ ಓಡೋಡಿ ಬರುತ್ತಾರೆ ಎನ್ನುವುದೆಲ್ಲ ಆಕೆಗೆ ಬಾಯಿಪಾಠ.

"ಲಿಫ್ಟಿನ ಪಕ್ಕ ಒಂದು ಪೆಟ್ಟಿಗೆ ಇದೆ ನೋಡಿ. ಅಲ್ಲೇ ಮೆಚ್ಚುಗೆ ಚೀಟಿ ಇಟ್ಟಿರ್ತಾರೆ. ನಿಮ್ಮ ಕೋಣೆಯವನ ಎದೆ ಮೇಲೆ ನಂಬರ್ ಇರುತ್ತಲ್ಲ, ಅದನ್ನ ಬರೆದು ಎರಡು ಒಳ್ಳೆ ಮಾತು ಬರೆದು ಹಾಕಿ. ಇವರಿಗೆಲ್ಲ ಒಂಬತ್ತು ತಿಂಗಳ ಕರಾರು. ಚೀಟಿ ಬಿದ್ರೆ ಇನ್ನೊಂದು ಕರಾರು, ಇಲ್ಲಾಂದ್ರೆ ಗಂಟು ಮೂಟೆ."

ಟೀಚರಮ್ಮನಿಗೆ ಒಳಗೊಳಗೇ ಸಮಾಧಾನವಾಯಿತು. ಟಿಕೆಟ್ಟಿನ ದುಡ್ಡು ಮಗಳದು. "ಅಮ್ಮಾ, ನಾಲ್ಕು ವರ್ಷದಿಂದ ನೀನು ಕೂತಿದ್ದೇ ನೋಡಿಲ್ಲ, ಹತ್ತು ದಿನ ಎಲ್ಲಾದ್ರೂ ಹೋಗಿ ಕೂತ್ಕೊಂಡು ಬಾ" ಎಂದು ಹಟ ಹಿಡಿದು ಕಳಿಸಿದ್ದಳು. ಕಳಿಸಿದ್ದೇನೋ ಸರಿ, ಜೊತೆಗೆ ಅಪ್ಪನನ್ನೂ ಕಳಿಸಿದರೆ ಕೂರುವುದೆಲ್ಲಿ ಬಂತು ಎಂದು ಕೇಳುವ ಧೈರ್ಯ ಟೀಚರಮ್ಮನಿಗೆ ಬರಲಿಲ್ಲ. ಪರ್ಸಿನಲ್ಲಿ ಪಿಂಚಣಿಯಲ್ಲಿ ಉಳಿದ ಚೂರುಪಾರು ಇತ್ತು. ಲಕೋಟೆ ತುಂಬುವ ಶಕ್ತಿ ಇಲ್ಲ. ಆದರೆ ಬರೆಯುವುದೆಂದರೆ ಅವರ ಮುಂದೆ ಯಾರು.

ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಪ್ರಬಂಧ ತಿದ್ದಿದ ಕೈ ಅದು. ಪ್ರವಾಸ ಹೋಗಿ ಬಂದ ಮಕ್ಕಳು "ತುಂಬಾ ಚೆನ್ನಾಗಿತ್ತು" ಎಂದು ಬರೆದು ತಂದರೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಬೀಳುತ್ತಿತ್ತು. ಏನು ಚೆನ್ನಾಗಿತ್ತು, ಎಲ್ಲಿ, ಯಾವಾಗ, ಯಾರು ಮಾಡಿದರು. ಈ ನಾಲ್ಕು ಪ್ರಶ್ನೆಗೆ ಉತ್ತರವಿಲ್ಲದ ಹೊಗಳಿಕೆ ಹೊಗಳಿಕೆಯೇ ಅಲ್ಲ ಎನ್ನುವುದು ಅವರ ಪಾಠ. ಎಷ್ಟೋ ಮಕ್ಕಳು ಅತ್ತುಕೊಂಡು ಹೋಗಿ ಮತ್ತೆ ಬರೆದು ತಂದಿದ್ದರು. ಟೀಚರಮ್ಮ ಕರಗಿದವರಲ್ಲ.

ಅವರ ಕೋಣೆ ಏಳನೆಯ ಅಂತಸ್ತಿನಲ್ಲಿತ್ತು. ಒಳಗಿನ ಸಾಲು, ಕಿಟಕಿ ಇಲ್ಲ. ದೀಪ ಹಾಕಿದರೆ ಹಗಲು, ಆರಿಸಿದರೆ ರಾತ್ರಿ. ಸಮುದ್ರ ನೋಡಬೇಕಾದರೆ ಲಿಫ್ಟು ಹತ್ತಬೇಕು. ಯಜಮಾನರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ, ಏಕೆಂದರೆ ತಾವು ಹಡಗಿನಲ್ಲಿದ್ದೇವೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿದ್ದೇವೆ ಎಂದುಕೊಂಡಿದ್ದರು. ನಲವತ್ತು ವರ್ಷ ಅವರು ಮುದ್ರಣಾಲಯದಲ್ಲಿ ಪುಸ್ತಕ ಕಟ್ಟುವ ಕೆಲಸ ಮಾಡಿದವರು. ದೊಡ್ಡ ಹಾಳೆಯನ್ನು ಮಡಚಿ ಮಡಚಿ ಹದಿನಾರು ಪುಟದ ಫಾರಂ ಮಾಡುವುದು, ನುಣುಪಾದ ಮೂಳೆಯ ತುಂಡಿನಿಂದ ಮಡಿಕೆ ಒತ್ತುವುದು, ಹೊಲಿಯುವುದು. ಮರೆವಿನ ಕಾಯಿಲೆ ಮೊದಲು ಹೊಲಿಗೆಯನ್ನು ತಿಂದಿತು, ಆಮೇಲೆ ಮನೆಯ ದಾರಿಯನ್ನು, ಆಮೇಲೆ ಮಗಳ ಹೆಸರನ್ನು. "ಹಳೇದು ಅಷ್ಟೋ ಇಷ್ಟೋ ಉಳಿಬಹುದು. ಹೊಸದು ಇನ್ನು ತಲೇಲಿ ನಿಲ್ಲಲ್ಲ, ಆಸೆ ಇಟ್ಕೋಬೇಡಿ" ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ನೇರವಾಗಿ ಹೇಳಿದ್ದಕ್ಕೆ ಟೀಚರಮ್ಮ ಅವರಿಗೆ ಥ್ಯಾಂಕ್ಸ್ ಹೇಳಿ, ಫೀಸು ಕೊಟ್ಟು, ಮೆಟ್ಟಿಲಿಳಿದು ಬಂದಿದ್ದರು.

ಎರಡನೆಯ ದಿನ ಊಟ ಮುಗಿಸಿ ಕೋಣೆಗೆ ಬಂದರೆ ಹಾಸಿಗೆಯ ಮೇಲೆ ಒಂದು ಆನೆ. ಬಿಳಿ ಟವೆಲಿನ ಆನೆ. ನಾಲ್ಕು ಕಾಲು, ಅಗಲ ಕಿವಿ, ಸೊಂಡಿಲು. ಕೋಣೆ ಚೊಕ್ಕಟ ಮಾಡುವವನು ಮಡಚಿಟ್ಟು ಹೋಗಿದ್ದ. ಹಡಗಿನಲ್ಲಿ ಅದು ಮಾಮೂಲಂತೆ, ಒಂದು ದಿನ ಆನೆ, ಒಂದು ದಿನ ಮೊಲ. ಟೀಚರಮ್ಮ ನೋಡಿ ನಕ್ಕು ಸುಮ್ಮನಾದರು. ಯಜಮಾನರು ಸುಮ್ಮನಾಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಆನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮಡಿಕೆ ಮಡಿಕೆಯಾಗಿ ಬಿಡಿಸಿದರು. ಬಿಡಿಸಿದ ಮೇಲೆ ಮತ್ತೆ ಕಟ್ಟಲು ಹೋದರು, ಬರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನೋಣವೆಂದರೆ ಅಪ್ಪನೂ ಆಗಲಿಲ್ಲ, ಬರೀ ಗಂಟು. ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಎಪ್ಪತ್ತೊಂದರ ಮನುಷ್ಯ ಅಳತೊಡಗಿದರು.

ಅಷ್ಟರಲ್ಲಿ ಕೋಣೆಯವನು ನೀರಿನ ಬಾಟಲಿ ಇಡಲು ಬಂದ. ಮೂವತ್ತೈದರ ಆಸುಪಾಸು, ಸಣಕಲು ಮೈ, ಎದೆಯ ಮೇಲೆ 418 ಎಂಬ ಬಿಲ್ಲೆ. ಏನಾಯಿತು ಎಂದು ಕೇಳಲಿಲ್ಲ. ಬಾಟಲಿ ಕೆಳಗಿಟ್ಟು, ಯಜಮಾನರ ಎದುರು ಮಂಡಿಯೂರಿ, ಟವೆಲನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ.

"ತುದಿ ಮೊದಲು ಸರ್. ತುದಿ ಸರಿ ಕೂತ್ರೆ ಉಳಿದಿದ್ದು ತಾನಾಗೇ ಬರುತ್ತೆ."

ದೊಡ್ಡ ಟವೆಲನ್ನು ಎರಡೂ ಕಡೆಯಿಂದ ನಡುವಿನವರೆಗೆ ಸುರುಳಿ ಸುತ್ತಿ ಬಗ್ಗಿಸಿದರೆ ನಾಲ್ಕು ಕಾಲು ನಿಲ್ಲುತ್ತವೆ. ಸಣ್ಣ ಟವೆಲಿನಲ್ಲಿ ತಲೆ. ಯಜಮಾನರು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ, "ಮೇಸ್ತ್ರಿ, ಇನ್ನೊಂದ್ಸಲ" ಎಂದರು. ಪ್ರೆಸ್ಸಿನಲ್ಲಿ ಕೆಲಸ ಕಲಿಸಿದವರನ್ನು ಅವರು ಮೇಸ್ತ್ರಿ ಎಂದೇ ಕರೆಯುತ್ತಿದ್ದದ್ದು. ಅಂದಿನಿಂದ ಆ ಕೋಣೆಯವನು ಅವರಿಬ್ಬರಿಗೂ ಮೇಸ್ತ್ರಿಯೇ ಆದ.

ಮರುದಿನ ಮಧ್ಯಾಹ್ನ ಟೀಚರಮ್ಮ ಬಚ್ಚಲಿನಿಂದ ಹೊರಗೆ ಬಂದರೆ ಬಾಗಿಲು ತೆರೆದಿದೆ, ಯಜಮಾನರಿಲ್ಲ. ಸುತ್ತ ಸಮುದ್ರ, ಮನುಷ್ಯ ಎಲ್ಲಿಗೆ ಹೋಗಬಹುದು ಎಂದು ಯೋಚಿಸಲೂ ಭಯ. ಬರಿಗಾಲಲ್ಲಿ ಉದ್ದನೆಯ ಓಣಿಯ ಕೊನೆಯವರೆಗೂ ಓಡಿದರು. ಕೊನೆಯಲ್ಲೊಂದು ಬಾಗಿಲು ಅರ್ಧ ತೆರೆದಿತ್ತು. ಅದರ ಮೇಲೆ ಕೆಂಪು ಅಕ್ಷರದಲ್ಲಿ "ಸಿಬ್ಬಂದಿಗೆ ಮಾತ್ರ" ಎಂದಿತ್ತು. ಒಳಗೆ ನೆಲದಿಂದ ಸೂರಿನವರೆಗೆ ಬಿಳಿ ಬಟ್ಟೆಯ ಕಪಾಟು, ನಡುವೆ ಮಗುಚಿದ ಬುಟ್ಟಿಯ ಮೇಲೆ ಯಜಮಾನರು. ತೊಡೆಯ ಮೇಲೆ ಟವೆಲು. ಪಕ್ಕದಲ್ಲಿ ಮೇಸ್ತ್ರಿ, ಸಂಜೆಗೆ ಬೇಕಾದ ಇಪ್ಪತ್ತೆರಡು ಕೋಣೆಯ ಬಟ್ಟೆ ಮಡಚುತ್ತಿದ್ದ.

"ಇರಲಿ ಬಿಡಿ ಅಮ್ಮ, ಅವರ ಪಾಡಿಗೆ ಅವರು ಕೂತಿದಾರೆ. ನಾನು ನೋಡ್ಕೋತೀನಿ. ನೀವು ಹೋಗಿ ಒಂದು ಗಳಿಗೆ ಮಲಗಿ. ನಿದ್ದೆ ಇಲ್ಲ ಅಂತ ಕಣ್ಣೇ ಹೇಳುತ್ತೆ."

ನಾಲ್ಕು ವರ್ಷದಲ್ಲಿ ಎಲ್ಲರೂ ಯಜಮಾನರ ಕಣ್ಣು ನೋಡಿದ್ದರು, ನಾಲಿಗೆ ನೋಡಿದ್ದರು, ತಲೆಯ ಒಳಗಿನ ಫೋಟೋ ತೆಗೆದು ನೋಡಿದ್ದರು. ಟೀಚರಮ್ಮನ ಕಣ್ಣು ನೋಡಿದವರು ಯಾರೂ ಇರಲಿಲ್ಲ. ಅವರು ಕೋಣೆಗೆ ಹೋಗಿ ದೀಪ ಆರಿಸಿ ಮಲಗಿದರು. ಎರಡು ಗಂಟೆ ಹೊರಳದೆ ನಿದ್ದೆ ಹೋದರು. ಆರಕ್ಕೆ ಬಾಗಿಲು ತಟ್ಟಿ ಮೇಸ್ತ್ರಿ ಯಜಮಾನರನ್ನು ಕೈಹಿಡಿದು ತಂದು ಬಿಟ್ಟ. ಮಾರನೆಯ ದಿನ ನಾಲ್ಕಕ್ಕೆ ಯಜಮಾನರೇ ಎದ್ದು ನಿಂತು, "ಇವಳೇ, ಕೆಲಸಕ್ಕೆ ಹೊತ್ತಾಯ್ತು" ಎಂದರು. ಅದೇ ಪರಿಪಾಠವಾಯಿತು. ಕೆಂಪು ಅಕ್ಷರವನ್ನು ಟೀಚರಮ್ಮ ದಿನವೂ ಓದುತ್ತಿದ್ದರು. ಆದರೆ ಬೋರ್ಡುಗಳೆಲ್ಲ ಬೇರೆಯವರಿಗಾಗಿ ಬರೆದದ್ದು ಎಂದು ನಮಗೆಲ್ಲ ಒಂದು ನಂಬಿಕೆ ಇರುತ್ತದಲ್ಲ, ಅವರಿಗೂ ಇತ್ತು.

ಆರನೆಯ ದಿನ ಯಜಮಾನರು ಕೋಣೆಯಲ್ಲಿ ಒಬ್ಬರೇ ಕೂತು, ಯಾರೂ ಹೇಳಿಕೊಡದೆ, ಒಂದು ಆನೆ ನಿಲ್ಲಿಸಿದರು. ಸೊಂಡಿಲು ಸ್ವಲ್ಪ ಸೊಟ್ಟಗಿತ್ತು. ಆದರೆ ಆನೆ. ಹೊಸದು ನಿಲ್ಲುವುದಿಲ್ಲ ಎಂದ ತಲೆಯಲ್ಲಿ ನಿಂತ ಆನೆ. ಟೀಚರಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು.

ಅಂದು ಸಂಜೆ ಮೇಸ್ತ್ರಿ ಬಂದಾಗ ಅವನನ್ನು ನಿಲ್ಲಿಸಿ, ಮನೆಯಲ್ಲಿ ಯಾರ್‍ಯಾರು ಎಂದು ಕೇಳಿದರು.

"ಆರು ಬಾಯಿ ಅಮ್ಮ, ದುಡಿಯೋದು ಈ ಎರಡು ಕೈ" ಎಂದು ನಕ್ಕ. "ಈ ಸಲ ಕೆಲಸದವರನ್ನ ಕಮ್ಮಿ ಮಾಡ್ತಾರಂತೆ. ತಿಂಗಳ ಕೊನೇಲಿ ಪಟ್ಟಿ. ಇಟ್ಕೊಂಡ್ರೆ ಇಟ್ಕೊಂಡ್ರು."

"ನಾನು ಚೀಟಿ ಬರೀತೀನಿ. ಯಾರೂ ಬರೆದಿರಬಾರದು, ಹಾಗೆ ಬರೀತೀನಿ."

ಅವನ ಮುಖ ಅರಳಿ, ಹಾಗೆಯೇ ಸ್ವಲ್ಪ ಬಾಡಿತು. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ನಿಂತ. "ಎರಡು ಸಾಲು ಸಾಕಮ್ಮ. ಕೋಣೆ ಚೊಕ್ಕಟವಾಗಿತ್ತು, ಕರೆದಾಗ ಬಂದ. ಅಷ್ಟು ಬರೀರಿ. ಅದಕ್ಕಿಂತ ಜಾಸ್ತಿ ಬೇಡ."

"ಮೂವತ್ತನಾಲ್ಕು ವರ್ಷ ಪ್ರಬಂಧ ತಿದ್ದಿದೀನಪ್ಪ" ಎಂದರು ಟೀಚರಮ್ಮ. "ನನಗೆ ನೀನು ಹೇಳ್ಕೊಡಬೇಡ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಓಣಿಯಲ್ಲಿ ಯಾರೋ ಕರೆದರು, ಹೋದ. ಅದು ಅವನ ಸಂಕೋಚ ಎಂದುಕೊಂಡರು ಟೀಚರಮ್ಮ. ಒಳ್ಳೆಯವರಿಗೆ ಹೊಗಳಿಸಿಕೊಳ್ಳಲು ನಾಚಿಕೆ ಎನ್ನುವುದು ಅವರ ಇನ್ನೊಂದು ಪಾಠ. ಪಾಠ ಹೇಳಿದವರಿಗೆ ಇರುವ ಕಷ್ಟವೇ ಇದು, ಎಲ್ಲದಕ್ಕೂ ಅವರ ಹತ್ತಿರ ಒಂದು ಪಾಠ ಇರುತ್ತದೆ.

ಚೀಟಿಯಲ್ಲಿ ಎಂಟು ಗೆರೆ ಮಾತ್ರ ಇದ್ದವು. ಟೀಚರಮ್ಮ ಬೇರೆ ಹಾಳೆ ಕೇಳಿ ತಂದರು. ಕರಡು ಬರೆದು, ತಿದ್ದಿ, ಮತ್ತೆ ಶುದ್ಧಪ್ರತಿ ಮಾಡಿದರು. ಅದರ ನಡುವಿನ ಭಾಗ ಹೀಗಿತ್ತು:

"ನಾಲ್ಕು ವರ್ಷಗಳಿಂದ ನಮ್ಮ ಯಜಮಾನರ ಮನಸ್ಸಿನಲ್ಲಿ ಹೊಸದೊಂದೂ ನಿಂತಿರಲಿಲ್ಲ. 418ನೆಯ ನಂಬರಿನ ಈ ಸಹೋದರರು ಪ್ರತಿದಿನ ಮಧ್ಯಾಹ್ನ ನಾಲ್ಕರಿಂದ ಆರರವರೆಗೆ, ಏಳನೆಯ ಅಂತಸ್ತಿನ ಓಣಿಯ ಕೊನೆಯಲ್ಲಿರುವ ಬಟ್ಟೆ ಕೋಣೆಯಲ್ಲಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಟವೆಲು ಮಡಚುವ ಕೆಲಸ ಕಲಿಸಿದರು. ನಮ್ಮ ಯಜಮಾನರು ಈಗ ಅವರ ಜೊತೆ ಇಪ್ಪತ್ತೆರಡು ಕೋಣೆಯ ಬಟ್ಟೆ ಮಡಚುತ್ತಾರೆ. ಆ ಎರಡು ಗಂಟೆ ನಾನು ನಿಶ್ಚಿಂತೆಯಿಂದ ಮಲಗಿರುತ್ತೇನೆ. ಇದಕ್ಕೆ ಬೆಲೆ ಕಟ್ಟುವ ಶಕ್ತಿ ನನಗಿಲ್ಲ."

ಏನು, ಎಲ್ಲಿ, ಯಾವಾಗ, ಯಾರು. ನಾಲ್ಕೂ ಇತ್ತು. ಹತ್ತಕ್ಕೆ ಹತ್ತು ಕೊಡಬಹುದಾದ ಪ್ರಬಂಧ. ಏಳನೆಯ ದಿನ ಬೆಳಿಗ್ಗೆ ಅದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗೆ ಹಾಕಿದಾಗ, ಸಾಲ ತೀರಿಸಿದ ಹಾಗೆ ಅವರ ಹೆಗಲು ಹಗುರವಾಯಿತು.

ಎಂಟನೆಯ ದಿನ ಕೋಣೆಗೆ ಬೇರೆ ಒಬ್ಬ ಬಂದ. ಹಾಸಿಗೆ ಸರಿಮಾಡಿದ, ಕಸ ತೆಗೆದ. ಆನೆ ಮೊಲ ಏನೂ ಮಾಡಲಿಲ್ಲ. ಹಳಬ ಎಲ್ಲಿ ಎಂದರೆ, "ಗೊತ್ತಿಲ್ಲ ಮೇಡಂ, ಕೆಳಗಿದ್ದಾರೆ" ಎಂದ.

"ನೋಡಿದ್ರಾ" ಎಂದರು ಟೀಚರಮ್ಮ ಯಜಮಾನರಿಗೆ. "ಚೀಟಿ ಕೆಲಸ ಮಾಡ್ತು. ಮೇಲಿನ ಕೆಲಸ ಕೊಟ್ಟಿರ್ತಾರೆ."

ಯಜಮಾನರು ನಾಲ್ಕಕ್ಕೆ ಎದ್ದು ಹೊರಟರು. ಬಟ್ಟೆ ಕೋಣೆಯ ಬಾಗಿಲಿಗೆ ಬೀಗ. ಬೀಗವನ್ನು ಎರಡು ಸಲ ಎಳೆದು ನೋಡಿ, ಗೋಡೆಗೆ ಒರಗಿ ನಿಂತರು. ಟೀಚರಮ್ಮ ಅವರನ್ನು ಹಿಂದಕ್ಕೆ ಕರೆತರುವಷ್ಟರಲ್ಲಿ ಕೋಣೆಯ ಫೋನು ಬಡಿದುಕೊಳ್ಳುತ್ತಿತ್ತು. ಅತಿಥಿ ವಿಭಾಗದ ಕಚೇರಿಗೆ ಬರಬೇಕಂತೆ, ಯಜಮಾನರನ್ನೂ ಕರೆದುಕೊಂಡು.

ಕಚೇರಿ ಎಂದರೆ ವಿಚಾರಣೆಯ ಕೌಂಟರಿನ ಹಿಂದೆ ಒಂದು ಸಣ್ಣ ಕೋಣೆ. ಒಂದು ಮೇಜು, ನಾಲ್ಕು ಕುರ್ಚಿ, ಅಲುಗಾಡುವ ಫ್ಯಾನು. ಮೇಲ್ವಿಚಾರಕಿ ಮಗಳ ವಯಸ್ಸಿನವಳು. ಎದ್ದು ನಿಂತು ಕುರ್ಚಿ ತೋರಿಸಿದಳು. ಮೇಜಿನ ಮೇಲೆ ಟೀಚರಮ್ಮನ ಹಾಳೆ ಪ್ಲಾಸ್ಟಿಕ್ ಹಾಳೆಯೊಳಗೆ ಬೆಚ್ಚಗೆ ಕೂತಿತ್ತು. ನಾಲ್ಕು ಕಡೆ ಅಡಿಗೆರೆ ಎಳೆದಿದ್ದರು. ಕೆಂಪು ಶಾಯಿ.

"ತುಂಬಾ ಚೆನ್ನಾಗಿ ಬರೆದಿದೀರಿ ಅಮ್ಮ" ಎಂದಳು ಅವಳು. ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಅದೇ ಕಷ್ಟ. "ಆದ್ರೆ ಪ್ರಯಾಣಿಕರು ಆ ಬಾಗಿಲು ದಾಟೋ ಹಾಗಿಲ್ಲ. ಅವರ ಕೈಲಿ ಕೆಲಸ ಮಾಡಿಸೋ ಹಾಗಂತೂ ಇಲ್ಲವೇ ಇಲ್ಲ. ಇದು ಗೊತ್ತಾದ್ರೆ ಕೆಲಸದಿಂದ ತೆಗೀಬೇಕು, ಬೇರೆ ದಾರಿ ಇಲ್ಲ. ಆಮೇಲೆ ಇನ್ಯಾವ ಹಡಗಿನವರೂ ತಗೊಳ್ಳಲ್ಲ."

"ಕೆಲಸ ಮಾಡಿಸಲಿಲ್ಲಮ್ಮ. ಇವರೇ ಮಾಡಿದ್ದು. ಇವರಿಗೆ ಖುಷಿ ಆಯ್ತು."

"ಆ ಕೋಣೆಗೆ ಹಿಂದೆ ಇನ್ನೊಂದು ಬಾಗಿಲಿದೆ. ಆ ಕಡೆ ಸರಕು ಇಳಿಸೋ ಲಿಫ್ಟು. ಕಂಬಿ ಇಲ್ಲ. ಅವನು ಬೆನ್ನು ತಿರುಗಿಸಿದಾಗ ಇವರು ಎದ್ದು ಆ ಕಡೆ ನಡೆದಿದ್ರೆ?"

ಆ ಹೊತ್ತಿನಲ್ಲಿ ತಾವು ದೀಪ ಆರಿಸಿ ಮಲಗಿದ್ದು ಟೀಚರಮ್ಮನಿಗೆ ನೆನಪಾಯಿತು. ಹುಡುಗಿ ಹೇಳಿದ್ದರಲ್ಲಿ ತಪ್ಪು ಹುಡುಕಲು ಹೋದರು, ಸಿಗಲಿಲ್ಲ. ಮೇಸ್ತ್ರಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಎರಡು ಸಾಲು ಸಾಕಮ್ಮ, ಎಂದದ್ದು ಈಗ ಕಿವಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಅವನು ಬೇಡಿಕೊಂಡಿದ್ದ. ಇವರು ಪಾಠ ಹೇಳಿ ಕಳಿಸಿದ್ದರು.

"ಅವನು ಏನಂದ?"

"ಏನೂ ಅನ್ನಲಿಲ್ಲ. ಅಮ್ಮ ಬರೆದಿದ್ದನ್ನ ಸುಳ್ಳು ಅಂತ ನಾನು ಹೇಗೆ ಹೇಳಲಿ ಅಂದ, ಅಷ್ಟೇ." ಮೇಲ್ವಿಚಾರಕಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಆ ಓಣಿ ಕೊನೇಲಿ ಕ್ಯಾಮೆರಾ ಇಲ್ಲ. ನೋಡಿದವರೂ ಯಾರೂ ಇಲ್ಲ. ಈ ಹಾಳೆ ಬಿಟ್ರೆ ನಮ್ಮ ಹತ್ರ ಬೇರೆ ಏನೂ ಇಲ್ಲ ಅಮ್ಮ."

ಆ ಮಾತು ಅರ್ಥವಾಗಲು ಟೀಚರಮ್ಮನಿಗೆ ಎರಡು ಕ್ಷಣ ಹಿಡಿಯಿತು. ಹುಡುಗಿಯೂ ಒಳ್ಳೆಯವಳೇ.

"ಅದು ಸುಳ್ಳು" ಎಂದರು.

"ಯಾವುದು?"

"ನಾನು ಬರೆದಿದ್ದು. ಕಟ್ಟಿ ಬರೆದೆ. ಪ್ರಬಂಧ ಕಲಿಸಿದವಳಲ್ವಾ, ಓದಿದವರ ಮನಸ್ಸಿಗೆ ತಾಗಲಿ ಅಂತ ಸೇರಿಸಿದೆ. ಇವರು ಯಾವ ಕೋಣೆಗೂ ಹೋಗಿಲ್ಲ. ದಿನಾ ನನ್ನ ಪಕ್ಕದಲ್ಲೇ ಇದ್ರು."

ಜೀವಮಾನದಲ್ಲಿ ಒಂದು ಸುಳ್ಳು ರಜಾಚೀಟಿಗೂ ಸಹಿ ಹಾಕದ ಹೆಂಗಸು. ಮಾತು ಮುಗಿಯುವಷ್ಟರಲ್ಲಿ ಅಂಗೈ ಬೆವೆತಿತ್ತು. ಮೇಲ್ವಿಚಾರಕಿ ಅವರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಒಂದು ಖಾಲಿ ಹಾಳೆ ಮುಂದಕ್ಕೆ ತಳ್ಳಿದಳು. ಟೀಚರಮ್ಮ ಬರೆದರು. ನಾನು ಮೊದಲು ಬರೆದದ್ದು ಕಲ್ಪನೆ. ಕೋಣೆ ಚೊಕ್ಕಟವಾಗಿತ್ತು, ಕರೆದಾಗ ಬಂದರು. ಈ ಸಲ ಎರಡೇ ಸಾಲು.

ಆಗಲೇ ಸುರಕ್ಷತಾ ಅಧಿಕಾರಿ ಒಳಗೆ ಬಂದದ್ದು. ಬಿಳಿ ಅಂಗಿ, ಅಳೆದು ಆಡುವ ಮಾತು. ಅವನ ಹಿಂದೆ ಮೇಸ್ತ್ರಿ. ಬಿಲ್ಲೆ ಇರಲಿಲ್ಲ, ಅದು ಇದ್ದ ಕಡೆ ಅಂಗಿಯಲ್ಲಿ ಎರಡು ತೂತು. ಅವನು ಟೀಚರಮ್ಮನ ಕಡೆ ನೋಡದೆ ಗೋಡೆಗೆ ಒತ್ತಿ ನಿಂತ. ಅಧಿಕಾರಿ ಎರಡು ಸಾಲನ್ನು ಓದಿದ.

"ಸರಿ. ಇದಿದ್ರೆ ಇಲ್ಲಿಗೇ ಮುಗಿಸಬಹುದು. ಯಜಮಾನರನ್ನೂ ಒಂದು ಮಾತು ಕೇಳ್ಬೇಕು. ನಿಯಮ."

"ಅವರಿಗೆ ಏನೂ ನೆನಪಿರಲ್ಲ ಸರ್. ಹೆತ್ತ ಮಗಳ ಹೆಸರೇ ಗೊತ್ತಿಲ್ಲ."

"ಸುಮ್ನೆ ಕೇಳೋದು ಅಷ್ಟೇ ಅಮ್ಮ." ಅಧಿಕಾರಿ ಯಜಮಾನರ ಎದುರಿನ ಕುರ್ಚಿಯಲ್ಲಿ ಕೂತ. ಒರಟನಲ್ಲ, ಬಗ್ಗಿ ಮೆಲ್ಲಗೇ ಕೇಳಿದ. "ಸರ್, ನಿಮ್ಮ ಮಗಳ ಹೆಸರೇನು?"

ಯಜಮಾನರು ಫ್ಯಾನು ನೋಡುತ್ತಿದ್ದರು.

"ಮಧ್ಯಾಹ್ನ ಊಟಕ್ಕೆ ಏನು ತಗೊಂಡ್ರಿ?"

ಯಜಮಾನರು ಮೇಜಿನ ಅಂಚನ್ನು ಬೆರಳಿನಿಂದ ಸವರಿದರು.

"ನಾವೀಗ ಎಲ್ಲಿದೀವಿ?"

"ಪ್ರೆಸ್ಸು" ಎಂದರು ಯಜಮಾನರು.

ಅಧಿಕಾರಿ ಹಾಳೆಯ ಮೇಲೆ ಏನೋ ಬರೆದುಕೊಂಡ. ಮೇಲ್ವಿಚಾರಕಿ ಉಸಿರು ಬಿಟ್ಟದ್ದು ಕೇಳಿಸಿತು. ಮುಗಿಯಿತು ಎಂದುಕೊಂಡರು ಟೀಚರಮ್ಮ. ಅಧಿಕಾರಿ ಎದ್ದು ಹೊರಟವನು ಮತ್ತೆ ನಿಂತು, ಗೋಡೆಯ ಕಡೆ ಕೈ ತೋರಿಸಿದ. "ಇವರನ್ನ ಎಲ್ಲಾದ್ರೂ ನೋಡಿದೀರಾ ಸರ್?"

ಯಜಮಾನರು ತಿರುಗಿ ಮೇಸ್ತ್ರಿಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಅವರ ಹಣೆಯಲ್ಲಿ ಒಂದು ಗೆರೆ ಮೂಡಿತು. ಆ ಗೆರೆ ಟೀಚರಮ್ಮನಿಗೆ ಚೆನ್ನಾಗಿ ಗೊತ್ತು, ನೆನಪನ್ನು ಬಾವಿಯಿಂದ ಎಳೆಯುವಾಗ ಮೂಡುವ ಗೆರೆ. ನಾಲ್ಕು ವರ್ಷ ಆ ಗೆರೆ ಬಂದಾಗಲೆಲ್ಲ ಅವರು ಉಸಿರು ಬಿಗಿ ಹಿಡಿದು, ಬರಲಿ, ಒಂದೇ ಒಂದು ಸಲ ನೆನಪು ಬರಲಿ, ಎಂದು ಬೇಡಿಕೊಂಡಿದ್ದರು. ಇಂದು ಮೊದಲ ಸಲ, ಬಾರದಿರಲಿ, ಮರೆತುಬಿಡಲಿ, ಎಂದು ಬೇಡಿದರು. ಕೈಹಿಡಿದ ಗಂಡನ ಮರೆವಿಗಾಗಿ ಬೇಡಿದರು.

ಯಜಮಾನರು ಟೀಚರಮ್ಮನ ಚೀಲಕ್ಕೆ ಕೈ ಹಾಕಿದರು. ಅವರ ಬಾಯಿ ಒರೆಸಲೆಂದು ಸದಾ ಇರುತ್ತಿದ್ದ ಸಣ್ಣ ಟವೆಲನ್ನು ಹೊರಗೆಳೆದರು. ಮೇಜಿನ ಮೇಲೆ ಹರಡಿ, ಎರಡೂ ಅಂಗೈಯಲ್ಲಿ ಸವರಿ ನುಣುಪು ಮಾಡಿದರು.

"ಬೇಡ ರೀ" ಎಂದರು ಟೀಚರಮ್ಮ.

"ತುದಿ ಮೊದಲು" ಎಂದರು ಯಜಮಾನರು, ಯಾರಿಗೋ ಕಲಿಸುವವರಂತೆ. ಮೂಲೆ ಹಿಡಿದರು. ಎರಡು ಕಡೆಯಿಂದ ಸುತ್ತಿದರು. ಹೆಬ್ಬೆರಳಿನ ಉಗುರಿನಿಂದ ಮಡಿಕೆ ಒತ್ತಿದರು. ಕಿವಿ ಬಿಡಿಸಿದರು. ಕೈ ಎಲ್ಲಿಯೂ ತಡವರಿಸಲಿಲ್ಲ. ಮೇಜಿನ ಮೇಲೆ, ಪ್ಲಾಸ್ಟಿಕ್ಕಿನೊಳಗಿನ ಆ ಹಾಳೆಯ ಪಕ್ಕದಲ್ಲಿ, ಆನೆಯ ತಲೆ. ಸೊಂಡಿಲು ಈ ಸಲ ಸೊಟ್ಟಗಿರಲಿಲ್ಲ.

ಅದನ್ನು ಎತ್ತಿ ಗೋಡೆಯ ಕಡೆ ಹಿಡಿದು ಹೇಳಿದರು, "ಮೇಸ್ತ್ರಿ, ದೊಡ್ಡ ಟವೆಲ್ ಕೊಡಿ. ಕಾಲಿಲ್ಲದೆ ತಲೆ ನಿಲ್ಲಲ್ಲ. ಬಾಗಿಲಿಗೆ ಬೀಗ ಹಾಕ್ಬಿಟ್ಟಿದ್ರಿ, ನಾನು ಬಂದು ನಿಂತಿದ್ದೆ."

ಅಧಿಕಾರಿ ನಿಂತ ಕಡೆಯೇ ನಿಂತಿದ್ದ. ಕೋಣೆಯಲ್ಲಿದ್ದ ಎಲ್ಲರಿಗಿಂತ ಸಂತೋಷವಾಗಿದ್ದವರು ಯಜಮಾನರು, ಮೆಚ್ಚುಗೆಗಾಗಿ ಕೈ ಚಾಚಿಕೊಂಡು ಕಾಯುತ್ತಿದ್ದರು. ಮೇಸ್ತ್ರಿ ಸುಮ್ಮನಿದ್ದಿದ್ದರೆ, ಇವರು ಯಾರೋ ನನಗೆ ಗೊತ್ತಿಲ್ಲ ಎಂದಿದ್ದರೆ, ಹುಚ್ಚು ಮುದುಕನ ಮಾತು ಎಂದು ತಳ್ಳಿಹಾಕಲು ಎಳ್ಳಷ್ಟಾದರೂ ಜಾಗ ಇತ್ತೇನೋ. ಅವನು ಯಜಮಾನರ ಮುಖ ನೋಡಿದ, ಚಾಚಿದ ಕೈ ನೋಡಿದ. ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಆನೆಯ ತಲೆಯನ್ನು ಎರಡೂ ಕೈಯಲ್ಲಿ ಇಸಕೊಂಡ.

"ತುದಿ ಚೆನ್ನಾಗಿ ಬಂದಿದೆ ಸರ್" ಎಂದ. "ನನಗಿಂತ ಚೆನ್ನಾಗಿ ಬಂದಿದೆ."

ಟೀಚರಮ್ಮ ಬರೆದ ಎರಡು ಸಾಲಿನ ಹಾಳೆಯನ್ನು ಅಧಿಕಾರಿ ಸದ್ದಿಲ್ಲದೆ ಅವರ ಕಡೆಗೇ ಸರಿಸಿದ.

ಹಡಗು ದಡ ಮುಟ್ಟಿದ ಬೆಳಿಗ್ಗೆ ಟೀಚರಮ್ಮ ಪರ್ಸಿನಲ್ಲಿದ್ದದ್ದನ್ನೆಲ್ಲ ಲಕೋಟೆಗೆ ಹಾಕಿ ಹೊಸಬನ ಕೈಗೆ ಕೊಟ್ಟರು, ಮೇಸ್ತ್ರಿಗೆ ಮುಟ್ಟಿಸಪ್ಪ ಎಂದು. ಹತ್ತು ನಿಮಿಷದಲ್ಲಿ ಅವನು ಅದನ್ನು ಹಾಗೆಯೇ ತಂದ. "ಅವರನ್ನ ಬೆಳಗಿನ ಜಾವವೇ ಇಳಿಸಿ ಕಳಿಸಿಬಿಟ್ರು ಮೇಡಂ." ಇಳಿಯುವ ಸಾಲಿನಲ್ಲಿ ಏಳನೇ ಸಲದಾಕೆ ಸಿಕ್ಕಳು. ಚೀಟಿ ಹಾಕಿದ್ರಾ ಎಂದು ಕೇಳಿದಳು. ಹಾಕಿದೆ ಎಂದರು ಟೀಚರಮ್ಮ.

ಮನೆಗೆ ಬಂದ ಮೇಲೂ ನಾಲ್ಕು ಗಂಟೆ ತಪ್ಪಲಿಲ್ಲ. ಯಜಮಾನರು ಒಗೆದ ಟವೆಲುಗಳನ್ನು ಮುಂದಿಟ್ಟುಕೊಂಡು ಕೂರುತ್ತಿದ್ದರು. ಆರಕ್ಕೆ ಎರಡೋ ಮೂರೋ ಆನೆ ಸಾಲಾಗಿ ನಿಂತಿರುತ್ತಿದ್ದವು.

"ಮೇಸ್ತ್ರಿಗೆ ತೋರಿಸಿದ್ಯಾ?"

"ತೋರಿಸಿದೆ."

"ಏನಂದ್ರು?"

"ತುದಿ ಚೆನ್ನಾಗಿ ಬಂದಿದೆ ಅಂದ್ರು."

ದಿನಕ್ಕೊಂದು ಸುಳ್ಳು, ಈಗ ಅಂಗೈ ಬೆವರುತ್ತಿರಲಿಲ್ಲ. ಬೇಕಾದ ದಿನ ಬಾರದ ವಿದ್ಯೆ ಬೇಡವಾದ ಮೇಲೆ ಸಲೀಸಾಗಿ ಬಂದಿತ್ತು. ಮಗಳು ನೋಡಿ, ಪ್ರವಾಸ ಒಳ್ಳೆಯದೇ ಮಾಡಿದೆ ಎಂದು ಖುಷಿಪಟ್ಟಳು. ಆಕೆಗೆ ಏನನ್ನೂ ಹೇಳಲಿಲ್ಲ. ಲಕೋಟೆ ಕಪಾಟಿನ ಖಾನೆಯಲ್ಲೇ ಉಳಿಯಿತು. ಮೇಸ್ತ್ರಿಯ ಬಿಲ್ಲೆಯ ನಂಬರು ಗೊತ್ತಿತ್ತು, ಊರು ಗೊತ್ತಿರಲಿಲ್ಲ. ಏನು, ಎಲ್ಲಿ, ಯಾವಾಗ ಎಂದೆಲ್ಲ ಕೇಳಿ ಬರೆದ ಹೆಂಗಸು ಅವನ ಆರು ಬಾಯಿ ಯಾವ ಊರಿನಲ್ಲಿವೆ ಎಂದು ಕೇಳಿರಲಿಲ್ಲ.

ಮೂರು ತಿಂಗಳಿಗೆ ಆನೆಯ ಕಾಲು ಮಡಚುವುದು ಮರೆತುಹೋಯಿತು. ಬರೀ ತಲೆಗಳು ಮೇಜಿನ ಮೇಲೆ ಬಿದ್ದಿರುತ್ತಿದ್ದವು. ಆಮೇಲೊಂದು ಮಧ್ಯಾಹ್ನ ನಾಲ್ಕು ಹೊಡೆಯಿತು, ಯಜಮಾನರು ಏಳಲಿಲ್ಲ. ಟೀಚರಮ್ಮ ಟವೆಲು ತಂದು ತೊಡೆಯ ಮೇಲಿಟ್ಟರು. ಅವರು ಅದನ್ನು ಮೂಸಿ ನೋಡಿ ಪಕ್ಕಕ್ಕೆ ಇಟ್ಟರು. "ಮೇಸ್ತ್ರಿ ಕಾಯ್ತಿದಾರೆ ರೀ" ಎಂದರೆ, "ಯಾವ ಮೇಸ್ತ್ರಿ?" ಎಂದರು.

ಒಬ್ಬ ಮನುಷ್ಯನ ಅನ್ನವನ್ನು ತಿಂದ ನೆನಪು ನೂರು ದಿನವೂ ಬಾಳಲಿಲ್ಲ. ಹೋಗುವುದೇ ಇದ್ದರೆ ಆ ಕಚೇರಿಯಲ್ಲಿ, ಆ ಅರ್ಧ ಗಳಿಗೆ ಹೋಗಿರಬಾರದಿತ್ತೇ ಎಂದು ಟೀಚರಮ್ಮನಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಅವರು ಟವೆಲನ್ನು ಎತ್ತಿಕೊಂಡು ತಾವೇ ಮಡಚಲು ಕೂತರು. ಮೇಜಿನ ಮೇಲೆ ಹರಡಿದರು, ಸವರಿದರು. ತುದಿ ಮೊದಲು ಎನ್ನುವುದು ಗೊತ್ತಿತ್ತು. ಯಾವ ತುದಿ ಎನ್ನುವುದು ಗೊತ್ತಿರಲಿಲ್ಲ. ಮೇಸ್ತ್ರಿ ಕಲಿಸುತ್ತಿದ್ದ ಎರಡು ಗಂಟೆಯೂ ಅವರು ನಿದ್ದೆಯಲ್ಲಿದ್ದರು.